ಒಗಟು ಬಿಡಿಸ್ತಾರೆ, ಆದರೆ ಸ್ಥಾನಬೆಲೆ ತಲೆಗೆ ಹೋಗಿಲ್ಲ. ಏನ್ಮಾಡಲಿ?

ಎರಡನೇ ಕ್ಲಾಸ್ ಟೀಚರ್:
ಸ್ಥಾನಬೆಲೆ ಪಾಠಕ್ಕೆ ಒಂದು ವಾರದಿಂದ ಒಗಟು ಹೇಳುತ್ತಿದ್ದೇನೆ. "ನನ್ನಲ್ಲಿ ನಾಲ್ಕು ಹತ್ತು, ಏಳು ಬಿಡಿ, ನಾನ್ಯಾರು?" ಅಂದರೆ ಸಾಕು, ಇಡೀ ಕ್ಲಾಸು "ನಲವತ್ತೇಳು" ಅಂತ ಕೂಗುತ್ತದೆ. ನಿನ್ನೆ ಸುಮ್ನೆ ತಿರುಗಿಸಿ "ಏಳು ಬಿಡಿ, ನಾಲ್ಕು ಹತ್ತು" ಅಂದೆ. ಅರ್ಧಕ್ಕರ್ಧ ಮಕ್ಕಳು 74 ಬರೆದರು! ಅಂದರೆ ಇಷ್ಟು ದಿನ ಕಿವಿಗೆ ಬಿದ್ದ ಅಂಕಿಗಳನ್ನ ಬಿದ್ದ ಹಾಗೇ ಬರೆಯುತ್ತಿದ್ದರು ಅಷ್ಟೇ, ಅಲ್ವಾ? ಮುನ್ನೂರ ಐದು ಅಂದರೆ 3005 ಬರೆಯುವವರೂ ಇದ್ದಾರೆ. ಒಗಟು ಬಿಟ್ಟು ಮತ್ತೆ ಬೋರ್ಡಿಗೇ ಹೋಗಲಾ?

ಕಡ್ಡಿಕಟ್ಟು:
ಬಿಡಬೇಡಿ ಮೇಡಂ. ನೀವು ತಿರುಗಿಸಿ ಹೇಳಿದ್ದೇ ಸರಿಯಾದ ಒಗಟು, ಮೊದಲಿನದು ಉಕ್ತಲೇಖನ. ಇನ್ನೊಂದು ಹೆಜ್ಜೆ ಮುಂದೆ ಹೋಗಿ. "ನನ್ನಲ್ಲಿ ಮೂರು ಹತ್ತು, ಹದಿನಾಲ್ಕು ಬಿಡಿ, ನಾನ್ಯಾರು?" ಕೆಲವರು 314 ಅಂತಾರೆ. ಅನ್ನಲಿ, ತಕ್ಷಣ ತಿದ್ದಬೇಡಿ. ಹತ್ತತ್ತು ಕಡ್ಡಿಯ ಮೂರು ಕಟ್ಟು, ಬಿಡಿಯಾಗಿ ಹದಿನಾಲ್ಕು ಕಡ್ಡಿ ಕೈಗೆ ಕೊಟ್ಟು ಸುಮ್ನೆ ಕೂತುಬಿಡಿ. ನನ್ನ ಕ್ಲಾಸಲ್ಲಿ ಒಬ್ಬಳು ಬಿಡಿ ಕಡ್ಡಿ ಎಣಿಸುತ್ತಾ ಎಣಿಸುತ್ತಾ ಹತ್ತಕ್ಕೆ ಬಂದು ನಿಂತಳು, ಆಮೇಲೆ ನನ್ನ ಮುಖ ನೋಡಿ "ಇನ್ನೊಂದು ರಬ್ಬರ್ ಬ್ಯಾಂಡ್ ಕೊಡಿ ಮಿಸ್" ಅಂದಳು. ಅಲ್ಲಿಗೆ ನನ್ನ ಪಾಠ ಮುಗಿಯಿತು. 44 ಅಂತ ನಾನು ಹೇಳಬೇಕಾಗಲೇ ಇಲ್ಲ.

ಸೊನ್ನೆ ಪಕ್ಷ:
ಕಡ್ಡಿ ಸರಿ, ಆದರೆ 3005ಕ್ಕೆ ಅದು ಸಾಲದು. ಮಗು ಮುನ್ನೂರಕ್ಕೆ 300 ಬರೆದು ಪಕ್ಕದಲ್ಲಿ 5 ಇಡುತ್ತದೆ, ಅದರ ಲೆಕ್ಕದಲ್ಲಿ ಅದು ಸರಿಯೇ. ನಾವು ಹಾಗೇ ತಾನೇ ಹೇಳೋದು? 300 ಅಂತ ಒಂದು ಉದ್ದದ ಚೀಟಿ ಮಾಡಿ. 5 ಅಂತ ಒಂದು ಚಿಕ್ಕದು, ಒಂದೇ ಅಂಕಿಯಷ್ಟು ಅಗಲ. ಚಿಕ್ಕದನ್ನು ಉದ್ದದರ ಬಲತುದಿಯ ಮೇಲೆ ಇಡಿ. ಕೊನೆಯ ಸೊನ್ನೆ ಮುಚ್ಚಿಹೋಗಿ 305 ಕಾಣುತ್ತದೆ. ಆಮೇಲೆ ಈ ಒಗಟು ಕೇಳಿ: "ನಾನು ಏನೂ ಅಲ್ಲ, ಆದರೆ ನಾನು ಎದ್ದು ಹೋದರೆ 305 ಬರೀ 35 ಆಗುತ್ತದೆ." ಸೊನ್ನೆ ಜಾಗ ಕಾಯುತ್ತದೆ ಅನ್ನೋದು ಹೀಗೆ ಬೇಗ ಹತ್ತುತ್ತದೆ.

ಹಳೇ ಮೇಷ್ಟ್ರು:
ಒಂದೇ ಉತ್ತರ ಇರುವ ಒಗಟು ಜಾಸ್ತಿ ಆಯ್ತು ಅನ್ನಿಸುತ್ತೆ. ಚುರುಕು ಮಗು ಕೂಗಿಬಿಟ್ಟರೆ ಉಳಿದವರು ಯೋಚನೆ ನಿಲ್ಲಿಸುತ್ತಾರೆ. "ನನಗೆ ಎರಡು ಅಂಕಿ, ಕೂಡಿದರೆ 5" ಅನ್ನಿ. 14, 23, 32, 41 ಸಿಗುತ್ತವೆ, 50 ಯಾರಿಗೂ ಬೇಗ ಹೊಳೆಯಲ್ಲ. 05 ಅನ್ನುವವನೊಬ್ಬ ಇದ್ದೇ ಇರುತ್ತಾನೆ, ಅವನ ಜೊತೆ ವಾದ ಮಾಡೋಕೆ ಸಮಯ ಇಟ್ಟುಕೊಳ್ಳಿ. ಆಮೇಲೆ ಎರಡನೇ ಸುಳಿವು: "ನನ್ನ ಹತ್ತರ ಅಂಕಿ ಬಿಡಿಯ ಅಂಕಿಗಿಂತ ಒಂದು ಜಾಸ್ತಿ." 32 ಮಾತ್ರ ಉಳಿಯುತ್ತದೆ.

ಎರಡನೇ ಕ್ಲಾಸ್ ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ಕಡ್ಡಿ, ಚೀಟಿ ಎರಡೂ ಮಾಡಿದೆ. 314 ಬಂತು, 05 ಕೂಡ ಬಂತು ಸರ್, ಹದಿನೈದು ನಿಮಿಷ ಜಗಳ! ಇವತ್ತು ಮಕ್ಕಳಿಗೇ ಒಗಟು ಕಟ್ಟಲು ಹೇಳಿದೆ. ಕೊನೇ ಬೆಂಚಿನ ಹುಡುಗ ಎದ್ದು ನಿಂತು "ನನ್ನಲ್ಲಿ ಹತ್ತಿನ ಕಟ್ಟೇ ಇಲ್ಲ, ಬಿಡಿ ಇಪ್ಪತ್ತಾರು, ನಾನ್ಯಾರು?" ಅಂದ. ಎಲ್ಲರೂ ಕಡ್ಡಿ ಹುಡುಕಿದರು. ನಾನೂ ಒಂದು ಗಳಿಗೆ ತಡವರಿಸಿದೆ.