ಅಮೆರಿಕದಾಗ ಬಿ ಫಾರಂ ಯಾರು ಕೊಡ್ತಾರ?

ಸೇಡಂ ರೋಡ್, ಕಲಬುರಗಿ:
ನಮ್ಮ ಕಡೆ ಎಲೆಕ್ಷನ್ ಬಂತಂದ್ರ ಟಿಕೆಟ್ ಸಲುವಾಗಿ ಬೆಂಗಳೂರು, ದಿಲ್ಲಿ ಓಡಾಟ. ಬಿ ಫಾರಂ ಕೈಗೆ ಬರೋತನಕ ಯಾರದೂ ಗ್ಯಾರಂಟಿ ಇಲ್ಲ. ಅಮೆರಿಕದಾಗ ಆ ಹೈಕಮಾಂಡ್ ಯಾರು? ಅಲ್ಲಿ ಪಕ್ಷಗಳು ಸೊರಗ್ಯಾವ ಅಂತ ಒಬ್ರು ಬರೀತಾರ, ಪಕ್ಷದ ಹುಚ್ಚು ಜಾಸ್ತಿ ಆಗ್ಯದ ಅಂತ ಇನ್ನೊಬ್ರು. ಯಾವುದು ಖರೇ?

ಬೀದರ್ ಕೋಟೆ:
ಎರಡೂ ಖರೇ ಅವ. ಮೊದಲು ಫಾರಂ ಮಾತು: ಅಲ್ಲಿ ಅದು ಇಲ್ರಿ. ಪ್ರೈಮರಿ ಅಂತ ಒಂದು ಚುನಾವಣೆ ನಡೀತದ, ಬಹುತೇಕ ಕಡೆ ಸರ್ಕಾರಿ ಖರ್ಚಿನಾಗ. ಆ ರಾಜ್ಯದ ಕಾನೂನು ಕೇಳಿದಷ್ಟು ಸಹಿ ಕೂಡಿಸಿ, ಇಲ್ಲಾ ಫೀ ಕಟ್ಟಿ ಹೆಸರು ಹಾಕಿಸಬೇಕು. ಮತದಾರರು ಆರಿಸಿದವರೇ ಪಕ್ಷದ ಅಭ್ಯರ್ಥಿ. ಪಕ್ಷದ ಅಧ್ಯಕ್ಷರಿಗೆ ಸೇರದಿದ್ರೂ ಬ್ಯಾಡ ಅನ್ನಾಕ ಬರಂಗಿಲ್ಲ. ಕ್ಲೋಸ್ಡ್ ಪ್ರೈಮರಿ ಇದ್ದಲ್ಲಿ ವೋಟರ್ ಲಿಸ್ಟಿನಾಗ ಆ ಪಕ್ಷದ ಹೆಸರು ಬರೆಸಿದವರಿಗಷ್ಟೇ ಮತ. ಓಪನ್ ಇದ್ದಲ್ಲಿ ಯಾರು ಬೇಕಾದ್ರೂ ಹೋಗಿ ಒಂದು ಪಕ್ಷದ ಮತಪತ್ರ ಕೇಳಬಹುದು. 2014ರಾಗ ವರ್ಜೀನಿಯಾದಾಗ ಎರಿಕ್ ಕ್ಯಾಂಟರ್, ಕೆಳಮನೆಯ ಬಹುಮತ ಪಕ್ಷದ ನಾಯಕ, ಡೇವ್ ಬ್ರಾಟ್ ಅನ್ನೋ ಅರ್ಥಶಾಸ್ತ್ರದ ಮೇಷ್ಟ್ರ ಎದುರು ಪ್ರೈಮರಿಯಾಗೇ ಸೋತ್ರು. ನಮ್ಮಲ್ಲಿ ಅಂಥ ನಾಯಕನ ಟಿಕೆಟ್ ಯಾರು ತಪ್ಪಿಸ್ತಾರ?

ಭೀಮಾ ದಂಡಿ, ಯಾದಗಿರಿ:
ಮೊದಲು ಹಿಂಗಿರಲಿಲ್ಲ ಅನ್ನೋದೂ ಸೇರಿಸ್ರಿ. 19ನೇ ಶತಮಾನದಾಗ ಮತಪತ್ರ ಛಾಪಿಸಿ ಕೈಗೆ ಕೊಡ್ತಿದ್ದದ್ದೇ ಪಕ್ಷದವರು. ಕಾಗದದ ಬಣ್ಣ ನೋಡಿದ್ರ ಯಾರಿಗೆ ಹಾಕ್ದ ಅಂತ ಗೊತ್ತಾಗ್ತಿತ್ತು. ಗೆದ್ದ ಪಕ್ಷ ಸರ್ಕಾರಿ ನೌಕರಿ ಹಂಚ್ತಿತ್ತು. 1883ರ ಪೆಂಡಲ್ಟನ್ ಕಾಯ್ದೆ ನೌಕರಿಗೆ ಪರೀಕ್ಷೆ ತಂತು. 1888ರಾಗ ಮ್ಯಾಸಚೂಸೆಟ್ಸ್ ಸರ್ಕಾರಿ ಗುಪ್ತ ಮತಪತ್ರ ತಂತು, ಉಳಿದ ರಾಜ್ಯಗಳೂ ಹಿಂದೇ ಬಂದವು. ಆದ್ರೂ ಅಧ್ಯಕ್ಷ ಅಭ್ಯರ್ಥಿ ಮಾತ್ರ ಮುಖಂಡರ ಕೈಯಾಗೇ ಇತ್ತು. 1968ರಾಗ ಆಗಿನ ಉಪಾಧ್ಯಕ್ಷ ಹಂಫ್ರಿ ಪ್ರೈಮರಿಗೆ ಇಳಿಯದೇ ಡೆಮಾಕ್ರಟಿಕ್ ಪಕ್ಷದ ಶಿಕಾಗೋ ಅಧಿವೇಶನದಾಗ ಆಯ್ಕೆ ಆದ್ರು. ಹೊರಗ ಬೀದ್ಯಾಗ ಪ್ರತಿಭಟನೆ ಮಾಡೋರ ಮ್ಯಾಲ ಪೊಲೀಸರ ಲಾಠಿ. ಅದಾದ ಮ್ಯಾಲ ಆ ಪಕ್ಷದ ಮ್ಯಾಕ್‌ಗವರ್ನ್-ಫ್ರೇಸರ್ ಆಯೋಗ ಆಯ್ಕೆ ನಿಯಮ ಬದಲಿಸ್ತು, 1972ರಿಂದ ಪ್ರೈಮರಿಗಳದೇ ದರ್ಬಾರು. 2016ರಾಗ ಟ್ರಂಪ್ ಬ್ಯಾಡ ಅಂದ ರಿಪಬ್ಲಿಕನ್ ಮುಖಂಡರು ಕೈಕಟ್ಟಿ ನೋಡಿದ್ದು ಇದರ ಸಲುವಾಗೇ.

ಸೇಡಂ ರೋಡ್, ಕಲಬುರಗಿ:
ಹಂಗಾದ್ರ ಹುಚ್ಚು ಹೆಂಗ ಹೆಚ್ಚಾತು? ಮತ್ತ ಸೋತವರು ಬಂಡಾಯ ನಿಲ್ಲಂಗಿಲ್ಲೇನು?

ಬೀದರ್ ಕೋಟೆ:
ಸೊರಗಿದ್ದು ಪಕ್ಷದ ಕಚೇರಿ. ಪಕ್ಷದ ಹೆಸರು ಗಟ್ಟಿ ಆಗ್ಯದ. ಪ್ರೈಮರಿಗೆ ಬರೋರು ಕಡಿಮೆ, ಬಂದೋರು ಕಟ್ಟಾ ಮಂದಿ. ಎಷ್ಟೋ ಕ್ಷೇತ್ರ ಮೊದಲೇ ಒಂದು ಪಕ್ಷದ ಪಾಲು, ಅಲ್ಲಿ ನವೆಂಬರ್‌ದ ಮುಖ್ಯ ಮತದಾನ ನಾಮ್‌ಕೇವಾಸ್ತೆ. ಅದಕ್ಕ ಸಂಸದರಿಗೆ ಎದುರು ಪಕ್ಷಕ್ಕಿಂತ ಸ್ವಂತ ಮಂದೀದೇ ಅಂಜಿಕಿ. ನಮ್ಮಲ್ಲಿ ವಿಪ್ ಮುರಿದ್ರ 1985ರ ಪಕ್ಷಾಂತರ ಕಾಯ್ದೆ ಸ್ಥಾನಾನೇ ಕಸೀಬಹುದು. ಅಲ್ಲಿ ಆ ಕಾಯ್ದೆ ಇಲ್ಲ. ಆದ್ರೂ 2010ರ ಒಬಾಮಾ ಆರೋಗ್ಯ ಕಾಯ್ದೆಗೆ ಅಂತಿಮ ಮತದಾನದಾಗ ಒಬ್ಬ ರಿಪಬ್ಲಿಕನ್ನೂ ಹೂಂ ಅನ್ನಲಿಲ್ಲ. ಅದೇ 2023ರ ಅಕ್ಟೋಬರ್‌ದಾಗ 8 ಮಂದಿ ರಿಪಬ್ಲಿಕನ್ನರು ಡೆಮಾಕ್ರಟರ ಜೋಡಿ ಸೇರಿ ತಮ್ಮದೇ ಸ್ಪೀಕರ್ ಮೆಕಾರ್ಥಿಯನ್ನ 216-210ರಿಂದ ಇಳಿಸಿದ್ರು. ಅದರ ಸಲುವಾಗಿ ಆ 8 ಮಂದಿಯ ಸದಸ್ಯ ಸ್ಥಾನ ಹೋಗಲಿಲ್ಲ.

ಭೀಮಾ ದಂಡಿ, ಯಾದಗಿರಿ:
ರೊಕ್ಕದ ಮಾತೂ ಅದ. 2002ರ ಕಾಯ್ದೆ ರಾಷ್ಟ್ರೀಯ ಪಕ್ಷಗಳು ಮಿತಿಯಿಲ್ಲದ ದೇಣಿಗೆ ತಗೊಳ್ಳೋದು ಬಂದ್ ಮಾಡ್ತು. 2010ರ ಕೋರ್ಟ್ ತೀರ್ಪುಗಳಿಂದ ಸೂಪರ್ ಪ್ಯಾಕ್ ಅನ್ನೋ, ಪಕ್ಷದ ಹೊರಗಿನ ಪ್ರಚಾರ ಗುಂಪುಗಳ ರೊಕ್ಕಕ್ಕ ಮಿತಿಯೇ ಇಲ್ಲದಂಗಾತು. ಪಕ್ಷ ರೊಕ್ಕ ಕೊಡದಿದ್ರೂ ಅಭ್ಯರ್ಥಿಗೆ ಬೇರೆ ದಾರಿ ಸಿಕ್ತು.

ಬಂಡಾಯಕ್ಕ ಬಹಳ ರಾಜ್ಯದಾಗ ಕಾನೂನೇ ಅಡ್ಡ: ಪ್ರೈಮರಿಯಾಗ ಸೋತವರ ಹೆಸರು ಅದೇ ಚುನಾವಣೆಯ ನವೆಂಬರ್ ಮತಪತ್ರದಾಗ ಬರಂಗಿಲ್ಲ. ಕನೆಕ್ಟಿಕಟ್‌ದಾಗ ಆ ತಡೆ ಇರಲಿಲ್ಲ. 2006ರಾಗ ಅಲ್ಲಿನ ಸೆನೆಟರ್ ಲೀಬರ್‌ಮನ್ ಡೆಮಾಕ್ರಟಿಕ್ ಪ್ರೈಮರಿ ಸೋತು, ಪಕ್ಷದ ಹೊರಗ ನಿಂತು, ಸೆನೆಟ್‌ಗೆ ಗೆದ್ದು ಬಂದ್ರು.