ಅಪ್‌ಡೇಟ್: ಗೇಮ್ ಮಧ್ಯೆ ಪಿಸಿ ಆಫ್ ಆಗ್ತಿದ್ದದ್ದು ಸರಿಹೋಯ್ತು, ಕಾರಣ ಪವರ್ ಕೇಬಲ್
ಭಾರಿ ಗೇಮ್ ಹಾಕಿದ್ರೆ ಪಿಸಿ ಫಟ್ ಅಂತ ಆಫ್ ಆಗಿ ರೀಸ್ಟಾರ್ಟ್ ಆಗುತ್ತೆ ಅಂತ ಕೇಳಿದ್ದೆನಲ್ಲ, ಸರಿಹೋಯ್ತು. ಡ್ರೈವರ್ ಪೂರ್ತಿ ತೆಗೆದು ಮತ್ತೆ ಹಾಕಿದ್ದು, ಚಿಪ್‌ನ ಬಿಸಿ ಕೂಲರ್‌ಗೆ ದಾಟಿಸೋ ಥರ್ಮಲ್ ಪೇಸ್ಟ್ ಬದಲಿಸಿದ್ದು ಉಪಯೋಗಕ್ಕೆ ಬರಲಿಲ್ಲ. RAM ಪರೀಕ್ಷಿಸೋ ಮೆಮ್‌ಟೆಸ್ಟ್‌ನಲ್ಲೂ ಎರರ್ ಇಲ್ಲ.

ದಾರಿ ತೋರಿಸಿದ್ದು, ಆಫ್ಟರ್‌ಬರ್ನರ್‌ನಲ್ಲಿ (ಗ್ರಾಫಿಕ್ಸ್ ಕಾರ್ಡ್ ಸೆಟ್ಟಿಂಗ್ ಬದಲಿಸೋ ಸಾಫ್ಟ್‌ವೇರ್) ಕಾರ್ಡಿನ ಪವರ್ ಲಿಮಿಟ್ 70%ಗೆ ಇಳಿಸಿ ನೋಡಿ ಅಂದವರು. ಇಳಿಸಿದ ಮೇಲೆ ಆಫ್ ಆಗೋದು ನಿಂತಿತು, ಅಂದ್ರೆ ತೊಂದರೆ ಪವರ್ ಕಡೆಯದ್ದೇ. ನೋಡಿದರೆ ಗ್ರಾಫಿಕ್ಸ್ ಕಾರ್ಡಿನ ಎರಡು 8-ಪಿನ್ ಸಾಕೆಟ್‌ಗೂ ಒಂದೇ ಕವಲು ಕೇಬಲ್! ಒಂದೊಂದು ಸಾಕೆಟ್‌ಗೆ 150 ವ್ಯಾಟ್ ಲೆಕ್ಕ. ಕ್ಷಣಮಾತ್ರ ಕಾರ್ಡ್ ಅದಕ್ಕಿಂತ ಜಾಸ್ತಿ ಎಳೆದಾಗ ಒಂದೇ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತೆ. ಎಸ್‌ಎಂಪಿಎಸ್‌ನಿಂದ (ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ) ಎರಡು ಪ್ರತ್ಯೇಕ ಕೇಬಲ್ ಹಾಕಿದೆ, ಲಿಮಿಟ್ ಮತ್ತೆ 100%. ಆಮೇಲೆ ಆಫ್ ಆಗಿಲ್ಲ.

ವಿಂಡೋಸ್‌ನ ದಾಖಲೆ ತೋರಿಸೋ ಈವೆಂಟ್ ವ್ಯೂವರ್‌ನ 'ಕರ್ನಲ್-ಪವರ್ 41' ಎರರ್ ನೋಡಿ ಎಸ್‌ಎಂಪಿಎಸ್ಸೇ ಸತ್ತಿದೆ ಅಂದುಕೊಳ್ಳಬೇಡಿ. ಅದು ಹೇಳೋದು ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ. ಇನ್ನೊಂದು, ಬೇರೆ ಎಸ್‌ಎಂಪಿಎಸ್‌ನ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್ ಚುಚ್ಚಲೇಬೇಡಿ. ಪಿನ್ ಜೋಡಣೆ ಬೇರೆಯಿದ್ದರೆ ಕಾರ್ಡೇ ಸುಟ್ಟೀತು.