ಪದಚರ್ಚೆ: ಕ್ಯಾನ್ಸರ್ ಕೋಶದ ಚಯಾಪಚಯ ‘ಕೆಟ್ಟಿದೆ’ ಎನ್ನೋಣವೇ, ‘ಹಾದಿ ಬದಲಿಸಿದೆ’ ಎನ್ನೋಣವೇ?

ಗೆಳೆಯರೇ,

ಹಾಸನದ ಪಿಯುಸಿ ವಿಜ್ಞಾನದ ಮಕ್ಕಳಿಗೆಂದು ಕ್ಯಾನ್ಸರ್ ಬಗ್ಗೆ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಮಕ್ಕಳ ಚೀಲದಿಂದ ಅದು ಮನೆಗೆ ಹೋಗುತ್ತದೆ, ಅಲ್ಲಿ ಕಾಯಿಲೆಯವರೂ ಓದಬಹುದು. ಹಾಗಾಗಿ ಪದಗಳ ವಿಷಯದಲ್ಲಿ ಸ್ವಲ್ಪ ಹೆದರಿಕೆಯೇ. ಒಂದು ಅಧ್ಯಾಯಕ್ಕೆ ಇಂಗ್ಲಿಷಿನಲ್ಲಿ ‘ಟಾರ್ಗೆಟಿಂಗ್ ಆಲ್ಟರ್ಡ್ ಮೆಟಬಾಲಿಸಂ’ ಎಂದರೆ ಮುಗಿಯಿತು. ಕನ್ನಡದಲ್ಲಿ ಆ ಮೂರೂ ಪದ ಕೈಕೊಡುತ್ತಿವೆ, ಅದರಲ್ಲೂ ನಡುವಿನದು.

ಮೆಟಬಾಲಿಸಂಗೆ ‘ಚಯಾಪಚಯ’ ಇದೆ. ಚಯ ಅಂದರೆ ಕೂಡಿಕೊಳ್ಳುವುದು, ಅಪಚಯ ಅಂದರೆ ಕುಂದುವುದು, ಸವರ್ಣದೀರ್ಘ ಸಂಧಿ. ಕಟ್ಟುವ ಮತ್ತು ಒಡೆಯುವ ಎರಡೂ ಕೆಲಸ ಒಂದೇ ಪದದಲ್ಲಿ ಬಂತು, ಇಷ್ಟು ಅಚ್ಚುಕಟ್ಟಾದ ಪಾರಿಭಾಷಿಕ ಪದ ನಮಗೆ ಸಿಗುವುದು ಅಪರೂಪ. ತೊಂದರೆ ಒಂದೇ: ತರಗತಿಯ ಹೊರಗೆ ಕೇಳಿದವರು ಇದನ್ನು ಜೀರ್ಣಕ್ರಿಯೆ ಎಂದುಕೊಳ್ಳುತ್ತಾರೆ. ಅರಗಿಸುವುದು ಹೊಟ್ಟೆ, ಕರುಳುಗಳ ಕೆಲಸ. ನಾವು ಹೇಳುತ್ತಿರುವುದು ಒಂದೊಂದು ಜೀವಕೋಶದ ಒಳಗಿನ ವ್ಯವಹಾರ. ಆಡುಮಾತಿನಲ್ಲಿ ಆ ವ್ಯತ್ಯಾಸ ಚೆನ್ನಾಗಿಯೇ ಇದೆ. ‘ಎಷ್ಟ್ ತಿಂದ್ರೂ ಮೈಗೆ ಹತ್ತಲ್ಲ ಕಣ್ರೀ’ ಅನ್ನುವವರು ಅಜೀರ್ಣದ ದೂರು ಹೇಳುತ್ತಿಲ್ಲ. ಅರಗಿದ್ದು ಮೈಯಾಗುತ್ತಿಲ್ಲ ಅನ್ನುತ್ತಿದ್ದಾರೆ. ‘ಮೈಯೆಲ್ಲ ಕರಗಿಹೋಯ್ತು’ ಅನ್ನುವುದು ಅದರ ಇನ್ನೊಂದು ಮಗ್ಗುಲು. ಹತ್ತುವುದು ಚಯ, ಕರಗುವುದು ಅಪಚಯ. ಮೊದಲ ಸಲ ‘ಚಯಾಪಚಯ’ ಬಂದಾಗ ಈ ಎರಡು ಮಾತನ್ನು ಪಕ್ಕದಲ್ಲಿಟ್ಟು ಮುಂದೆ ಹೋಗೋಣ ಅಂತಿದ್ದೇನೆ.

ಈಗ ನಿಜವಾದ ಪ್ರಶ್ನೆ. ಕರಡು ನೋಡಿದವರೊಬ್ಬರು ‘ಆಲ್ಟರ್ಡ್’ಗೆ ‘ವಿಕೃತ ಚಯಾಪಚಯ’ ಎಂದು ತಿದ್ದಿದರು. ಇನ್ನೊಬ್ಬರದು ‘ದೋಷಪೂರಿತ’. ಕಿವಿಗೆ ಸರಿಯಾಗಿಯೇ ಕೇಳಿಸುತ್ತದೆ, ಕ್ಯಾನ್ಸರ್ ಅಂದಮೇಲೆ ಎಲ್ಲವೂ ಕೆಟ್ಟಿರಬೇಕಲ್ಲ. ಆದರೆ ಆ ಎರಡು ಪದಗಳೊಳಗೆ ಒಂದು ಹಳೆಯ ವಾದ ಕೂತಿದೆ.

1920ರ ದಶಕದಲ್ಲಿ ಬರ್ಲಿನ್‌ನಲ್ಲಿ ಜೀವರಸಾಯನ ವಿಜ್ಞಾನಿ ಓಟೋ ವಾರ್‌ಬರ್ಗ್ ಗಡ್ಡೆಯ ತೆಳು ಹೋಳುಗಳನ್ನಿಟ್ಟುಕೊಂಡು ಅಳೆದು ನೋಡಿದಾಗ, ಆಮ್ಲಜನಕ ಧಾರಾಳವಾಗಿದ್ದರೂ ಆ ಕೋಶಗಳು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲಕ್ಕೇ ನಿಲ್ಲಿಸುತ್ತಿದ್ದವು. ಲೆಕ್ಕಕ್ಕೆ ಇದು ಶುದ್ಧ ದುಂದು. ಒಂದು ಗ್ಲೂಕೋಸ್ ಅಣುವನ್ನು ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ (ಕೋಶ ಶಕ್ತಿಗೆ ಬಳಸುವ ಚಿಲ್ಲರೆ ನಾಣ್ಯ ಅನ್ನಿ), ಹೀಗೆ ಅರ್ಧಕ್ಕೇ ಬಿಟ್ಟರೆ ಬರೇ 2. ಕೋಶದೊಳಗಿನ ಉಸಿರಾಟದ ಯಂತ್ರವೇ ಕೆಟ್ಟಿದೆ, ಕ್ಯಾನ್ಸರಿನ ಮೂಲವೇ ಅದು ಎಂದು ವಾರ್‌ಬರ್ಗ್ ತೀರ್ಮಾನಿಸಿದರು. 1956ರಲ್ಲೂ ಅದನ್ನೇ ಪಟ್ಟುಹಿಡಿದು ಬರೆದರು. (1931ರ ನೊಬೆಲ್ ಅವರಿಗೆ ಬಂದದ್ದು ಉಸಿರಾಟದ ಕಿಣ್ವದ ಕೆಲಸಕ್ಕೆ. ಕ್ಯಾನ್ಸರ್ ಸಿದ್ಧಾಂತಕ್ಕೆ ಬಂತು ಅಂತ ಫಾರ್ವರ್ಡ್ ಆಗುವ ಸಂದೇಶಗಳನ್ನು ದಯವಿಟ್ಟು ಅಲ್ಲೇ ನಿಲ್ಲಿಸಿ.)

ಅಳತೆ ಸರಿಯಿತ್ತು, ತೀರ್ಮಾನ ನಿಲ್ಲಲಿಲ್ಲ. ಬಹುಪಾಲು ಕ್ಯಾನ್ಸರ್ ಕೋಶಗಳ ಮೈಟೊಕಾಂಡ್ರಿಯ (ಆ ಉಸಿರಾಟದ ಯಂತ್ರಗಳು) ಕೆಲಸ ಮಾಡುತ್ತಲೇ ಇರುತ್ತವೆ. ಈ ಕೋಶಗಳು ಸಕ್ಕರೆಯನ್ನು ಸೀಳುವ ಹಾದಿಯ ನಡುನಡುವೆ ಸಿಗುವ ತುಣುಕುಗಳನ್ನು ಡಿಎನ್‌ಎ, ಕೊಬ್ಬು, ಅಮೈನೋ ಆಮ್ಲ ಕಟ್ಟಲು ತಿರುಗಿಸಿಕೊಳ್ಳುತ್ತವೆ. ಬೇಗ ಬೇಗ ಎರಡಾಗಬೇಕಾದ ಕೋಶಕ್ಕೆ ಶಕ್ತಿಯಷ್ಟೇ ಸಾಲದು, ಸಾಮಗ್ರಿಯೂ ಬೇಕು. ಸೋಂಕು ತಗುಲಿದಾಗ ಎಚ್ಚೆತ್ತು ಸಂಖ್ಯೆ ಹೆಚ್ಚಿಸಿಕೊಳ್ಳುವ ನಮ್ಮದೇ ರೋಗನಿರೋಧಕ ಟಿ ಕೋಶಗಳೂ ಇದೇ ಹಾದಿ ಹಿಡಿಯುತ್ತವೆ. ಅವನ್ನು ‘ವಿಕೃತ’ ಎನ್ನಲಾಗುತ್ತದೆಯೇ?

ಅಂದರೆ ‘ವಿಕೃತ’, ‘ದೋಷಪೂರಿತ’ ಬರೆದರೆ ವಾರ್‌ಬರ್ಗ್ ಅವರ ತಪ್ಪಿದ ಭಾಗವನ್ನೇ ಕನ್ನಡದಲ್ಲಿ ಮತ್ತೆ ಅಚ್ಚು ಹಾಕಿದಂತೆ. ‘ಬದಲಾದ’ ನಿರಪಾಯ, ಆದರೆ ಸಪ್ಪೆ. ಯಾರು ಬದಲಾಯಿಸಿದರು, ಯಾತಕ್ಕೆ, ಏನೂ ಹೇಳುವುದಿಲ್ಲ. ‘ರೂಪಾಂತರಗೊಂಡ’ ಆಗದು: ಕೋವಿಡ್ ಕಾಲದಲ್ಲಿ ಪತ್ರಿಕೆಗಳು ‘ರೂಪಾಂತರಿ’ಯನ್ನು ಮನೆಮನೆಗೆ ಮುಟ್ಟಿಸಿವೆ, ಓದುಗರು ಅದನ್ನು ಮ್ಯುಟೇಷನ್ ಎಂದೇ ಓದುತ್ತಾರೆ. ಮುಂದೆ ಐಡಿಎಚ್ ಕಿಣ್ವದ ಪ್ರಸಂಗದಲ್ಲಿ ಆ ಪದ ನಿಜವಾಗಿಯೂ ಬೇಕು. ಅಲ್ಲಿ ಜೀನ್ ರೂಪಾಂತರಗೊಂಡು, ಕಿಣ್ವ ತನ್ನ ಕೆಲಸ ಬಿಟ್ಟು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಬೇಡದ ವಸ್ತುವನ್ನು ರಾಶಿ ಹಾಕುತ್ತದೆ, ಅದರಿಂದ ಕೋಶ ಬಲಿಯುವುದೇ ನಿಂತುಹೋಗುತ್ತದೆ. ಅಲ್ಲಿಗೆ ‘ಕೆಟ್ಟ’ ಒಪ್ಪುತ್ತದೆ, ಇಡೀ ಅಧ್ಯಾಯಕ್ಕೆ ಒಪ್ಪುವುದಿಲ್ಲ.

ನನ್ನ ಒಲವು ‘ಮಾರ್ಪಡಿಸಿಕೊಂಡ ಚಯಾಪಚಯ’ದ ಕಡೆ. ಆ ‘ಕೊಂಡ’ ಬಂದಕೂಡಲೇ ಕೋಶ ತನ್ನ ಅನುಕೂಲಕ್ಕೆ ಮಾಡಿಕೊಂಡದ್ದು ಎಂಬ ಅರ್ಥ ತಾನಾಗಿ ಕೂಡಿಕೊಳ್ಳುತ್ತದೆ, ಬೇರೆ ವಾಕ್ಯ ಬೇಡ. ಅನುಮಾನ ಇರುವುದೂ ಅಲ್ಲೇ: ಕೋಶಕ್ಕೆ ಬುದ್ಧಿ, ಸಂಚು ಎಲ್ಲ ಇದೆ ಎಂದು ಮಕ್ಕಳು ಓದಿಕೊಳ್ಳುತ್ತಾರೆಯೇ? ವ್ಯಾಕರಣ ಬಲ್ಲವರು ಹೇಳಬೇಕು. ‘ನೀರು ಹೆಪ್ಪುಗಟ್ಟಿಕೊಂಡಿತು’ ಅನ್ನುವಾಗ ನಾವು ನೀರಿಗೆ ಇಚ್ಛೆ ಆರೋಪಿಸುವುದಿಲ್ಲವಲ್ಲ.

ಇದರ ಜೊತೆಗೇ ಒಂದು ಉಪದ್ರವ. ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವುದಕ್ಕೆ ‘ಹುದುಗುವಿಕೆ’ ಎನ್ನುತ್ತೇವೆ. ದೋಸೆಹಿಟ್ಟಿಗೂ ಅದೇ, ಸಕಲೇಶಪುರದ ಕಡೆ ಪಲ್ಪ್ ಮಾಡಿದ ಕಾಫಿಬೀಜದ ಲೋಳೆ ಬಿಡಿಸಲು ತೊಟ್ಟಿಯಲ್ಲಿ ಇಡುವುದಕ್ಕೂ ಅದೇ. ಆದರೆ ‘ಗಡ್ಡೆಯಲ್ಲಿ ಹುದುಗಿದ ಸಕ್ಕರೆ’ ಎಂದು ಬರೆದು ನೋಡಿ: ಹುಳಿ ಬಂದದ್ದೋ, ಅಡಗಿ ಕೂತದ್ದೋ? ಅದನ್ನು ಹೊಡೆದುಹಾಕಿ ‘ಅರೆಬರೆ ಉರಿದ ಸಕ್ಕರೆ’ ಎಂದಿಟ್ಟಿದ್ದೇನೆ.

ಸಕ್ಕರೆಯ ಮಾತು ಬಂದಮೇಲೆ, ಗಡ್ಡೆ ಎಲ್ಲಿದೆ ಎಂದು ಚಿತ್ರದಲ್ಲಿ ತೋರಿಸುವ ಪೆಟ್ ಸ್ಕ್ಯಾನ್ ಬಿಡುವ ಹಾಗಿಲ್ಲ, ಯಾಕೆಂದರೆ ಜನ ಇಡೀ ವಿಷಯವನ್ನು ಕಣ್ಣಾರೆ ಕಾಣುವುದು ಅಲ್ಲೇ. ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ, ಗ್ಲೂಕೋಸಿನ ಸೋಗು ಹಾಕಿದ ಅಣುವನ್ನು ರಕ್ತಕ್ಕೆ ಬಿಡುತ್ತಾರೆ. ಕೋಶ ಅದನ್ನು ಸಕ್ಕರೆಯೆಂದೇ ಒಳಗೆಳೆದುಕೊಂಡು, ಹೆಕ್ಸೋಕೈನೇಸ್ ಕಿಣ್ವದಿಂದ ಒಂದು ಫಾಸ್ಫೇಟ್ ತಗುಲಿಸುತ್ತದೆ. ಮುಂದಿನ ಹೆಜ್ಜೆಗೆ ಆ ಅಣು ಒಗ್ಗುವುದಿಲ್ಲ, ಹೊರಗೂ ಹೋಗಲಾರದು, ಅಲ್ಲೇ ಸಿಕ್ಕಿಬೀಳುತ್ತದೆ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ, ಅಷ್ಟು ಹೊತ್ತಿಗೆ ಅದು ಅರ್ಧಕ್ಕಿಳಿಯುತ್ತದೆ, ಹಾಗಾಗಿ ಚಿತ್ರ ತೆಗೆಯುವ ಕೆಲಸ ತಡಮಾಡುವಂತಿಲ್ಲ. ಗಡ್ಡೆ ಹೊಳೆಯುತ್ತದೆ. ಮಿದುಳೂ ಹೊಳೆಯುತ್ತದೆ, ಅದೂ ಸಕ್ಕರೆಯ ದೊಡ್ಡ ಗಿರಾಕಿ.

ಆ ಚಿತ್ರ ನೋಡಿದವರು ಮನೆಗೆ ಬಂದು ಕಾಫಿಗೆ ಸಕ್ಕರೆ ಹಾಕುವುದು ಬಿಡುತ್ತಾರೆ, ಆಮೇಲೆ ಅನ್ನ, ಆಮೇಲೆ ಮುದ್ದೆ. ‘ತಿಂದದ್ದೆಲ್ಲ ಗಡ್ಡೆಗೇ ಹೋಗ್ತದೆ’ ಅನ್ನುತ್ತಾರೆ. ತಿನ್ನುವುದು ಬಿಟ್ಟರೂ ಯಕೃತ್ತು ಸ್ನಾಯು, ಕೊಬ್ಬುಗಳ ಸರಕಿನಿಂದ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಕರಗುವುದು ಕಾಯಿಲೆಯವರ ಮೈ. ಹಾಗಾಗಿ ‘ಕ್ಯಾನ್ಸರನ್ನು ಉಪವಾಸ ಕೆಡವಿ ಕೊಲ್ಲುವ ಚಿಕಿತ್ಸೆ’ ಎಂಬ ಶೀರ್ಷಿಕೆ, ಎಷ್ಟೇ ಚುರುಕಾಗಿದ್ದರೂ, ನನಗೆ ಬೇಡ. ಉಪವಾಸ ಯಾರದು ಅನ್ನುವುದು ಆ ವಾಕ್ಯದಲ್ಲಿ ತಿಳಿಯುವುದಿಲ್ಲ.

ಕೊನೆಗೆ ‘ಟಾರ್ಗೆಟ್’. ‘ಗುರಿಯಾಗಿಸು’ ಎಲ್ಲರೂ ಬರೆಯುತ್ತಾರೆ. ಆದರೆ ಕನ್ನಡದಲ್ಲಿ ಕಾಯಿಲೆಗೆ ‘ಗುರಿಯಾಗುವವರು’ ರೋಗಿಗಳು! ‘ಉದ್ದೇಶಿತ ಚಿಕಿತ್ಸೆ’ಯಂತೂ ಇನ್ನೂ ಕೊಡದೇ ಇರುವ ಚಿಕಿತ್ಸೆಯಂತೆ ಕೇಳಿಸುತ್ತದೆ, ಉದ್ದೇಶಿತ ರೈಲುಮಾರ್ಗದ ಹಾಗೆ. ಹತ್ತಿರದಿಂದ ನೋಡಿದರೆ ಒಂದೊಂದು ಔಷಧಕ್ಕೆ ಒಂದೊಂದು ಕ್ರಿಯಾಪದ ಬೇಕು. ಮಕ್ಕಳ ರಕ್ತ ಕ್ಯಾನ್ಸರಿನಲ್ಲಿ ಕೊಡುವ ಆಸ್ಪರಾಜಿನೇಸ್, ರಕ್ತದಲ್ಲಿರುವ ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ಒಡೆದುಹಾಕುತ್ತದೆ. ಸಹಜ ಕೋಶ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ, ಆ ಲ್ಯುಕೀಮಿಯ ಕೋಶಕ್ಕೆ ಅದು ಸಾಕಷ್ಟು ಬಾರದು. ಇಲ್ಲಿ ‘ಪೂರೈಕೆ ತಪ್ಪಿಸು’. ಮೆಥೊಟ್ರೆಕ್ಸೇಟ್ ಎಂಬ ಔಷಧ ಫೋಲಿಕ್ ಆಮ್ಲವೆಂಬ ವಿಟಮಿನ್ನಿನ ವೇಷದಲ್ಲಿ ಹೋಗಿ, ಅದನ್ನು ಬಳಕೆಗೆ ತರುವ ಕಿಣ್ವವನ್ನು ಕಚ್ಚಿಕೊಳ್ಳುತ್ತದೆ, ಇಲ್ಲಿ ‘ಅಡ್ಡಗಟ್ಟು’. ಈ ಬಗೆಯ ಮೊದಲ ಔಷಧ ಅಮೈನಾಪ್ಟರಿನ್ ಹಿಂದೆ ಆಂಧ್ರದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಇತ್ತು, ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ಕೊಟ್ಟು ಮಕ್ಕಳಲ್ಲಿ ತಾತ್ಕಾಲಿಕ ಗುಣ ಕಂಡದ್ದನ್ನು 1948ರಲ್ಲಿ ಪ್ರಕಟಿಸಿದರು. ‘ಚಯಾಪಚಯಕ್ಕೆ ಹೊಸ ಚಿಕಿತ್ಸೆ’ ಎಂದು ಬರೆಯುವವರು ಈ ಹಿರಿಯರನ್ನು ಮರೆಯುತ್ತಾರೆ. ಮೇಲೆ ಹೇಳಿದ ರೂಪಾಂತರಗೊಂಡ ಐಡಿಎಚ್ ಕಿಣ್ವವನ್ನು ತಡೆಯುವ ಔಷಧಗಳು ಮಾತ್ರ ಈಚಿನವು, ಮೊದಲ ಎರಡು ಅಮೆರಿಕದಲ್ಲಿ 2017 ಮತ್ತು 2018ರಲ್ಲಿ ಒಪ್ಪಿಗೆ ಪಡೆದವು. ಅಲ್ಲಿ ‘ಗುರಿ ಇಟ್ಟು ಹೊಡೆ’ ನಿಜಕ್ಕೂ ಸಲ್ಲುತ್ತದೆ.

ಸೋತವೂ ಇವೆ, ಬಿಡಬಾರದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬಗ್ಗೆ ದೊಡ್ಡ ಆಸೆ ಇತ್ತು. ಸಕ್ಕರೆ ಕಾಯಿಲೆ ಇಲ್ಲದ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. 2021ರ ಮೇನಲ್ಲಿ ಕೋವಿಡ್‌ಗೆಂದು ಸುದ್ದಿಯಾದ 2-ಡಿಜಿ ಪುಡಿ ನೆನಪಿರಬಹುದು. ಅದೂ ಸೋಗಿನ ಗ್ಲೂಕೋಸೇ. ದೆಹಲಿಯ ಡಿಆರ್‌ಡಿಒ ಪ್ರಯೋಗಾಲಯದಲ್ಲಿ ಅದಕ್ಕೂ ಬಹಳ ಮೊದಲೇ ಅದನ್ನು ಮಿದುಳಿನ ಗಡ್ಡೆಗೆ, ನಮ್ಮವರು ‘ಕರೆಂಟ್ ಕೊಡೋದು’ ಅನ್ನುವ ವಿಕಿರಣ ಚಿಕಿತ್ಸೆಯ ಜೊತೆಗೆ, ಪರೀಕ್ಷಿಸುತ್ತಿದ್ದರು.

ಹಾಗಾದರೆ ಅಧ್ಯಾಯದ ಹೆಸರು? ಸದ್ಯಕ್ಕೆ ‘ಕ್ಯಾನ್ಸರ್ ಕೋಶ ಮಾರ್ಪಡಿಸಿಕೊಂಡ ಚಯಾಪಚಯ: ಎಲ್ಲಿ ಅಡ್ಡಗಟ್ಟಬಹುದು?’ ಎಂದು ಬರೆದಿದ್ದೇನೆ. ಉದ್ದವಾಯಿತು ಅನ್ನುವವರು ಕತ್ತರಿಸಿ ತೋರಿಸಿ. ‘ಮೆಟಬಾಲಿಕ್’ಗೆ ‘ಚಯಾಪಚಯಿಕ’ ಬೇಕೇ, ‘ಚಯಾಪಚಯದ’ ಎಂದರೆ ಸಾಲದೇ ಎಂಬುದನ್ನೂ ತಿಳಿಸಿ. ಧಾರವಾಡ, ಕಲಬುರಗಿ, ಕರಾವಳಿಯ ಕಡೆ ‘ಮೈಗೆ ಹತ್ತು’, ‘ಮೈ ಕರಗು’ ಎನ್ನುವಲ್ಲಿ ಬೇರೆ ಮಾತಿದ್ದರೆ ಅದೂ ಬೇಕು. ಅಚ್ಚಿಗೆ ಹೋಗುವ ಮೊದಲು ಸೇರಿಸುತ್ತೇನೆ.